ಅರ್ಧ ನಿಮಿಷದ ಹೆಂಗಸು

ಲಿಂಬೆಹಣ್ಣು ಹೆಚ್ಚಿದ ಕೈಯನ್ನು ಎಷ್ಟು ತೊಳೆದರೂ ಸಂಜೆಯವರೆಗೆ ವಾಸನೆ ಬಿಡುವುದಿಲ್ಲ. ಹೋದ ವಾರ ಉಪ್ಪಿನಕಾಯಿಗೆಂದು ಹಣ್ಣು ಹೆಚ್ಚಿಟ್ಟು, ಅದೇ ಕೈಯಲ್ಲಿ ಫೋನು ತೆಗೆದುಕೊಂಡೆ. ನಾನು ವರ್ಷಗಳಿಂದ ಕಾಯುತ್ತ ಬಂದಿರುವ ಸೂಪರ್‌ಹೀರೋ ಸಿನಿಮಾದ ನಾಲ್ಕನೆಯ ಭಾಗ ಬರಲಿದೆಯಂತೆ. ಖಳನಾಯಕ ಯಾರೆಂಬುದು ಮಾತ್ರ ಗುಟ್ಟಂತೆ. ಸುದ್ದಿಯ ಕೆಳಗೆ ಆಗಲೇ ನೂರಾರು ಮಂದಿ ಊಹೆ ಮಾಡತೊಡಗಿದ್ದರು. ಲಿಂಬೆಯ ವಾಸನೆ ಮತ್ತು ಖಳನಾಯಕನ ಗುಟ್ಟು, ಇವೆರಡೂ ಒಟ್ಟಿಗೆ ಬಂದರೆ ನನ್ನ ಕಣ್ಣ ಮುಂದೆ ತಾಂಬಾದ ನಮ್ಮ ಮನೆಯ ಮಾಳಿಗೆ ತೆರೆದುಕೊಳ್ಳುತ್ತದೆ. ನೀವೂ ಮೆಟ್ಟಿಲು ಹತ್ತಿ ಬನ್ನಿ. ಮಧ್ಯಾಹ್ನದ ಬಿಸಿಲು ಚುರುಕಾಗಿದೆ, ತಲೆಯ ಮೇಲೆ ಏನಾದರೂ ಹೊದ್ದುಕೊಳ್ಳಿ.

ನಾನು ಸಿಂದಗಿಯವಳು. ಮದುವೆಯಾಗಿ ಈ ಮನೆಗೆ ಕಿರಿಯ ಸೊಸೆಯಾಗಿ ಬಂದೆ, ಊರಿನ ಹೈಸ್ಕೂಲಿನಲ್ಲೇ ಮಾಸ್ತರಿಕೆಯೂ ಸಿಕ್ಕಿತು. ಹಿರಿಯ ಸೊಸೆ, ಅಂದರೆ ನನ್ನ ನೆಗೆಣ್ಣಿ, ಮುದ್ದೇಬಿಹಾಳದ ಕಡೆಯವರು. ಹೆಸರು ಕಸ್ತೂರಿ, ನಾನು ಕಸ್ತೂರಕ್ಕ ಎನ್ನುತ್ತಿದ್ದೆ. ನಗು ಅಪರೂಪ, ಮಾತು ಇನ್ನೂ ಅಪರೂಪ. ಒಲೆಯ ಮುಂದೆ ಕೂತರೆ ರೊಟ್ಟಿ ಬಡಿಯುವ ಸಪ್ಪಳವೊಂದೇ. ನಾನು ಮಾಡಿದ ಪಲ್ಯವನ್ನು ರುಚಿ ನೋಡಿ, ಒಂದು ಮಾತೂ ಆಡದೆ ಒಂದು ಚಿಟಿಕೆ ಉಪ್ಪು ಹಾಕಿ ಎದ್ದು ಹೋಗುತ್ತಿದ್ದರು. ಆ ಚಿಟಿಕೆ ಉಪ್ಪು ನನ್ನ ಮೈಗೆಲ್ಲ ಉರಿಯುತ್ತಿತ್ತು. ನನ್ನ ಸಂಸಾರದ ಸಿನಿಮಾಕ್ಕೆ ಖಳನಾಯಕಿ ಯಾರೆಂದು ಮೊದಲ ತಿಂಗಳಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಮೊದಲ ದೃಶ್ಯದಲ್ಲೇ ಖಳನನ್ನು ಗುರುತಿಸಿಬಿಟ್ಟೆ ಎಂದು ಬೀಗುವವರ ಊಹೆ ಬಹಳ ಸಲ ಸುಳ್ಳಾಗುತ್ತದೆ ಎಂಬುದು ನನಗಾಗ ಹೊಳೆಯಲಿಲ್ಲ.

ನನಗೊಂದು ಗುಟ್ಟಿನ ಚಟವಿತ್ತು. ಫೋನಿನಲ್ಲಿ ಸೂಪರ್‌ಹೀರೋ ಸಿನಿಮಾಗಳ ಅಭಿಮಾನಿಗಳದೊಂದು ಗುಂಪು. ಮುಂದಿನ ಭಾಗದಲ್ಲಿ ಯಾರು ಬರುತ್ತಾರೆ, ಯಾರು ಸಾಯುತ್ತಾರೆ, ಸತ್ತವರಲ್ಲಿ ಯಾರು ತಿರುಗಿ ಬರುತ್ತಾರೆ ಎಂದು ಹಗಲೆಲ್ಲ ವಾದ. ನನ್ನ ಹೆಸರು, ಫೋಟೊ ಎರಡೂ ಹಾಕಿರಲಿಲ್ಲವಾದ್ದರಿಂದ ಎಲ್ಲರೂ ನನ್ನನ್ನು 'ಬ್ರೋ' ಎನ್ನುತ್ತಿದ್ದರು. ಆ ಬ್ರೋ ತಲೆಯ ಮೇಲೆ ಸೆರಗು ಹೊದ್ದು, ಮಾಳಿಗೆಯ ನೀರಿನ ಟಾಕಿಯ ನೆರಳಲ್ಲಿ ಕೂತಿರುತ್ತಾನೆಂದು ಯಾರಿಗೆ ಗೊತ್ತು!

ಒಂದು ರಜೆಯ ಮಧ್ಯಾಹ್ನ ಹಾಗೆಯೇ ಕೂತು ಯಾರದೋ ಊಹೆಯ ವೀಡಿಯೋ ಕೇಳುತ್ತಿದ್ದೆ. ಕಸ್ತೂರಕ್ಕ ಬಿಸಿಲಿಗಿಟ್ಟ ಲಿಂಬೆಯ ಜಾಡಿಯನ್ನು ಅಲುಗಾಡಿಸಲು ಬಂದವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಬೈಯುತ್ತಾರೆಂದು ಫೋನು ಮುಚ್ಚಿದೆ.

"ಅಂವ ಸತ್ತಿಲ್ಲ," ಎಂದರು.

"ಯಾರ್ರಿ ಅಕ್ಕಾರ?"

"ಅದಽ, ಆ ತುಕ್ಕಪ್ಪ. ಹೊಳಿಯಾಗ ಬಿದ್ದಾನಲ್ಲ, ಅಂವ. ಹೆಣ ತೋರಿಸ್ಯಾರೇನು? ತೋರಿಸಿಲ್ಲಂದ್ರ ಸತ್ತಿಲ್ಲ."

ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಆ ಸಿನಿಮಾದ ನಾಯಕ ಮುಟ್ಟಿದ್ದೆಲ್ಲ ಹತ್ತಿಯಂತೆ ಹಗುರಾಗುತ್ತದೆ. ಬಸ್ಸು, ಸೇತುವೆ ಎಲ್ಲವನ್ನೂ ಒಂದೇ ಬೆರಳಲ್ಲಿ ಎತ್ತುತ್ತಾನೆ. ಖಳನಾಯಕ ಮುಟ್ಟಿದ ಕಬ್ಬಿಣವೆಲ್ಲ ತುಕ್ಕಾಗಿ ಉದುರುತ್ತದೆ. ಎರಡನೆಯ ಭಾಗದ ಕೊನೆಗೆ ಅವನು ಸೇತುವೆಯಿಂದ ಹೊಳೆಗೆ ಬೀಳುತ್ತಾನೆ. ಇವರಿಬ್ಬರಿಗೆ ಕಸ್ತೂರಕ್ಕ ತಮ್ಮಷ್ಟಕ್ಕೆ ಹಗುರಪ್ಪ, ತುಕ್ಕಪ್ಪ ಎಂದು ಹೆಸರಿಟ್ಟುಕೊಂಡಿದ್ದರು.

"ನೀವು ಯಾವಾಗ ನೋಡಿದ್ರಿ?"

"ಒಮ್ಮೆ ಎರಡ ತಿಂಗಳ ತವರಮನ್ಯಾಗ ಮಲಗೇ ಇದ್ದೆ. ಟೀವಿ ಬಿಟ್ರ ಮತ್ತೇನಿತ್ತು? ಹಿಂದಿ ಅರ್ಧ ತಿಳೀತು, ಅರ್ಧ ನಾನಽ ಕೂಡಿಸಿಕೊಂಡೆ."

ಯಾಕೆ ಮಲಗಿದ್ದಿರಿ ಎಂದು ನಾನು ಕೇಳಲಿಲ್ಲ. ತುಕ್ಕಪ್ಪನ ಬಗ್ಗೆ ಕೇಳುವ ಆತುರದಲ್ಲಿದ್ದೆ.

ಅಲ್ಲಿಂದ ನಮ್ಮ ಮಧ್ಯಾಹ್ನಗಳು ಶುರುವಾದವು. ರಜೆಯಿದ್ದರೆ ಇಡೀ ಮಧ್ಯಾಹ್ನ, ಶಾಲೆಯಿದ್ದರೆ ಊಟದ ಬಿಡುವಿನಲ್ಲಿ, ಅತ್ತೆ ಮಲಗಿದ ಮೇಲೆ ಇಬ್ಬರೂ ಮಾಳಿಗೆ ಹತ್ತುತ್ತಿದ್ದೆವು. ಕೆಳಗೆ ಊರು ಕಣ್ಣು ಮುಚ್ಚಿಕೊಂಡಿರುತ್ತಿತ್ತು. ಆಚೆ ತೊಗರಿ ಹೊಲಗಳ ಮೇಲೆ ಬಿಸಿಲು ನೀರಿನಂತೆ ನಡುಗುತ್ತಿತ್ತು. ಇಂಡಿ ಪಟ್ಟಣದ ಬಸ್ಸು ದೂರದಲ್ಲಿ ಧೂಳೆಬ್ಬಿಸಿ ಬರುವುದು ಕಂಡರೂ ಸಪ್ಪಳ ಕೇಳುತ್ತಿರಲಿಲ್ಲ. ಆ ತೇಲುವ ಹೊತ್ತಿನಲ್ಲಿ ಹಗುರಪ್ಪ ನಮ್ಮ ನೀರಿನ ಟಾಕಿಯನ್ನು ಎತ್ತಿ ಮೋಡದ ಪಕ್ಕದಲ್ಲಿಟ್ಟರೂ ನಮಗೆ ಆಶ್ಚರ್ಯವಾಗುತ್ತಿರಲಿಲ್ಲ. ಗುಂಪಿನವರು ಖಳನ ಶಕ್ತಿ, ಆಯುಧ ಲೆಕ್ಕ ಹಾಕುತ್ತಿದ್ದರು. ಕಸ್ತೂರಕ್ಕ ಮನುಷ್ಯರನ್ನು ಲೆಕ್ಕ ಹಾಕುತ್ತಿದ್ದರು. "ಅಂವಗ ಯಾರಾರ ಊಟ ಮಾಡಿಯೇನಪ್ಪಾ ಅಂತ ಕೇಳ್ಯಾರೇನು ನೋಡು," ಎನ್ನುತ್ತಿದ್ದರು. ಅವರ ಮಾತನ್ನು ನನ್ನದೆಂಬಂತೆ ಗುಂಪಿನಲ್ಲಿ ಹಾಕಿದರೆ, "ಬ್ರೋ, ಏನು ತಲೆ ನಿಮ್ಮದು!" ಎಂಬ ಹೊಗಳಿಕೆ ಬರುತ್ತಿತ್ತು. ನಾಚಿಕೆಯಿಲ್ಲದೆ ಅದನ್ನು ಜೇಬಿಗಿಳಿಸುತ್ತಿದ್ದೆ.

ಒಮ್ಮೆ ಅತ್ತೆ ಅರ್ಧ ನಿದ್ದೆಯಲ್ಲಿ ನಮ್ಮ ಮಾತು ಕೇಳಿಸಿಕೊಂಡರು. "ಅಂವ ಬಂದಽ ಬರ್ತಾನ್ರಿ, ಬಂದು ಎಲ್ಲಾರ ಮನಿ ಕೆಡವ್ತಾನ," ಎಂದು ನಾನು ಹೇಳುತ್ತಿದ್ದೆ. ಅತ್ತೆ ಮೆಟ್ಟಿಲ ಬುಡದಿಂದ ಕೂಗಿದರು, "ಯಾರವ್ವಾ ಅಂವ? ಎಂದ ಬರ್ತಾನ?" ಸಿನಿಮಾದವನೆಂದು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಎರಡು ದಿನ ಹೊರಗಿನ ಬಾಗಿಲಿಗೆ ತಾವೇ ಎದ್ದು ಹೋಗಿ ಅಗಳಿ ಹಾಕಿ ಬಂದರು.

ಆಗಿನ್ನೂ ಬಂದಿರದ ಮೂರನೆಯ ಭಾಗದ ಬಗ್ಗೆ ಕಸ್ತೂರಕ್ಕನದೊಂದು ಊಹೆಯಿತ್ತು. ಮೊದಲ ಭಾಗದಲ್ಲಿ ಒಂದು ಕಟ್ಟಡ ಕುಸಿಯುತ್ತದೆ. ಹಗುರಪ್ಪ ಜನ ತುಂಬಿದ ಬಸ್ಸನ್ನು ಎತ್ತಿ ಉಳಿಸುತ್ತಾನೆ. ಅವನ ಹಿಂದೆ, ಹಳದಿ ಕೋಟಿನ ಒಬ್ಬ ಹೆಂಗಸು ಎರಡೂ ಕೈಯಿಂದ ಇಟ್ಟಿಗೆ ಬಗೆಯುತ್ತ ತನ್ನ ಕೂಸನ್ನು ಕೂಗುತ್ತಾಳೆ. ಎಲ್ಲ ಸೇರಿ ಅರ್ಧ ನಿಮಿಷ. ಆಮೇಲೆ ಜನ ಚಪ್ಪಾಳೆ ಹೊಡೆಯುತ್ತಾರೆ, ಕತೆ ಮುಂದೆ ಹೋಗುತ್ತದೆ.

"ತುಕ್ಕಪ್ಪ ಅಲ್ಲ. ಈ ಸಲ ಆಕಿ ಬರ್ತಾಳ," ಎಂದರು ಕಸ್ತೂರಕ್ಕ.

ವಾದದಲ್ಲಿ ಗೆಲ್ಲುವ ಹುಮ್ಮಸ್ಸು ನನಗೆ. "ಏ, ತಗೀರಿ ಅಕ್ಕಾರ. ಅರ್ಧ ನಿಮಿಷ ಬಂದಾಕಿಗೆ ಯಾರ ಕತಿ ಬರೀತಾರ? ಆಕಿ ಕೂಸು ಹೋತು, ಆಕಿ ಕತಿ ಮುಗೀತು," ಎಂದೆ.

ಕಸ್ತೂರಕ್ಕ ಎದ್ದರು. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದರು. ಕೆಳಗೆ ಹೋದರು. ಮರುದಿನ ಮಧ್ಯಾಹ್ನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ರೊಟ್ಟಿಯ ಸಪ್ಪಳವೊಂದೇ ಉಳಿಯಿತು. ಈಗ ನನ್ನ ಪಲ್ಯಕ್ಕೆ ಉಪ್ಪು ಕೂಡ ಹಾಕುತ್ತಿರಲಿಲ್ಲ. ಅದು ಹಾಕುವುದಕ್ಕಿಂತ ಹೆಚ್ಚು ಉರಿಯಿತು.

ಹತ್ತು ದಿನ ಕಳೆದ ಮೇಲೆ ಅತ್ತೆ ಜೋಳ ಹಸನು ಮಾಡುತ್ತ ನನ್ನನ್ನು ಹತ್ತಿರ ಕರೆದರು.

"ಆಕಿ ಮುಂದ ಕೂಸಿನ ಮಾತ ಎತ್ತಿದಿ ಏನು?"

"ಯಾವ ಕೂಸ್ರಿ ಅತ್ತಿ?"

ಅತ್ತೆ ಮೊರದ ಮೇಲಿನ ಕಣ್ಣು ತೆಗೆಯಲಿಲ್ಲ. "ನೀ ಈ ಮನಿಗೆ ಬರೂಕಿಂತ ಮೊದ್ಲ. ಹೆಣ್ಣ ಕೂಸು. ಎರಡ ದಿನ ಇತ್ತು. ಆ ಮಾತ ಈ ಮನ್ಯಾಗ ಯಾರೂ ಎತ್ತೂದಿಲ್ಲ. ನೀನೂ ಎತ್ತಬ್ಯಾಡ."

ಎರಡು ತಿಂಗಳು ತವರಿನಲ್ಲಿ ಮಲಗಿದ್ದು ಯಾಕೆಂದು ಆಗ ತಿಳಿಯಿತು. ಅವತ್ತು ಶಾಲೆಯಲ್ಲಿ ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ. ತಪ್ಪಾಯಿತು ಎನ್ನಲು ಆ ಮಾತನ್ನೇ ಎತ್ತಬೇಕು, ಎತ್ತಿದರೆ ಮತ್ತೆ ನೋವು. ಬೇರೇನೂ ತೋಚದೆ ಎರಡೂ ಸಿನಿಮಾಗಳನ್ನು ಮೊದಲಿನಿಂದ ನೋಡಿದೆ, ಒಂದೊಂದೇ ದೃಶ್ಯ ನಿಲ್ಲಿಸಿ. ಹಗುರಪ್ಪನನ್ನಾಗಲಿ ತುಕ್ಕಪ್ಪನನ್ನಾಗಲಿ ನೋಡಲಿಲ್ಲ. ಅವರ ಹಿಂದೆ ನಿಂತವರನ್ನು ನೋಡಿದೆ. ಎರಡನೆಯ ಭಾಗದಲ್ಲಿ ಊರವರು ಹಗುರಪ್ಪನಿಗೆ ಸನ್ಮಾನ ಮಾಡುವ ದೃಶ್ಯವಿದೆ. ಚಪ್ಪಾಳೆ ಹೊಡೆಯುವ ಗುಂಪಿನ ಅಂಚಿನಲ್ಲಿ ಹಳದಿ ಕೋಟು ಕಂಡಿತು. ಎಲ್ಲರ ಕೈ ಮೇಲಿದ್ದರೆ ಅವಳ ಕೈ ಜೇಬಿನಲ್ಲಿ.

ಫೋನು ಹಿಡಿದು ಅಡುಗೆಮನೆಗೆ ಹೋದೆ. "ಅಕ್ಕಾರ, ನೀವು ಹೇಳಿದ್ದ ಖರೆ ಐತಿ. ಆಕಿ ಕತಿ ಮುಗದಿಲ್ಲ. ಎರಡನೇದರಾಗೂ ಅದಾಳ, ನೋಡ್ರಿ."

ಅವರು ಹಿಟ್ಟಿನ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದರು. "ನಂಗ ಗೊತ್ತಿತ್ತು," ಎಂದರು. ಮತ್ತೆ ರೊಟ್ಟಿಗೆ ಕೈ ಹಾಕಲಿಲ್ಲ. "ಹೋತು ಬಿಡು, ಮತ್ತೊಂದ ಆಕ್ಕತಿ ಅಂದ್ರು ಎಲ್ಲಾರೂ, ತಂಗಿ. ಆಗಲಿಲ್ಲ. ಅದರ ಮಾರಿ ಹ್ಯಾಂಗಿತ್ತಂತ ಮಾತ್ರ ಒಬ್ಬರೂ ಕೇಳಲಿಲ್ಲ."

"ಹ್ಯಾಂಗಿತ್ರಿ ಅಕ್ಕಾರ?"

ಅವರು ಹೇಳಿದರು. ಹಣೆಯ ಮೇಲೆ ಇಳಿಬಿದ್ದ ಕೂದಲು, ಉದ್ದ ಬೆರಳು, ಹಾಲು ಕುಡಿಯುವಾಗ ಒಂದು ಹುಬ್ಬು ಮಾತ್ರ ಗಂಟಿಕ್ಕುತ್ತಿದ್ದದ್ದು. ಹೆಂಚು ಬರಿದೇ ಕಾಯುತ್ತಿತ್ತು, ಇಬ್ಬರಿಗೂ ಪರಿವೆಯಿರಲಿಲ್ಲ. ಅವತ್ತು ಮನೆಯವರೆಲ್ಲ ತಡವಾಗಿ ಉಂಡರು.

ಮುಂದೆ ಭಾವನವರ ಕೆಲಸ ಆಲಮಟ್ಟಿಯ ಕಾಲುವೆ ಕಚೇರಿಗೆ ಬಂತು. ಕಸ್ತೂರಕ್ಕ ಅವರ ಜೊತೆ ಅಲ್ಲಿಯ ಕ್ವಾರ್ಟರ್ಸಿಗೆ ಹೋದರು. ಊಹೆಗಳು ಫೋನಿನಲ್ಲಿ ಮುಂದುವರಿದವು. ಹಿನ್ನೀರಿನ ದಂಡೆಯಲ್ಲಿ ನಿಂತು, "ಇಷ್ಟ ನೀರಾಗ ಬಿದ್ರ ತುಕ್ಕಪ್ಪ ಖರೇನಽ ಉಳಿಯಂಗಿಲ್ಲ ಬಿಡು," ಎಂದು ಗಾಳಿಯ ಸದ್ದಿನೊಡನೆ ಧ್ವನಿ ಕಳಿಸುತ್ತಿದ್ದರು. ಮೂರನೆಯ ಭಾಗ ಮುಂದೆ ಹೋಗುತ್ತ ಹೋಗುತ್ತ ಕೊನೆಗೊಮ್ಮೆ ಬಂತು. ನಾನು ತಾಂಬಾದಿಂದ, ಅವರು ಆಲಮಟ್ಟಿಯಿಂದ ಬಂದು ಬಸವನ ಬಾಗೇವಾಡಿಯಲ್ಲಿ ಕೂಡಿ, ವಿಜಯಪುರಕ್ಕೆ ಹೋಗಿ ನೋಡಿದೆವು. ತುಕ್ಕಪ್ಪ ಬದುಕಿದ್ದ. ಎಲ್ಲರೂ ಊಹಿಸಿದಂತೆಯೇ ಬಂದ, ಎಲ್ಲವನ್ನೂ ಕೆಡವಿದ. ಹಳದಿ ಕೋಟಿನವಳು ಎಲ್ಲೂ ಬರಲಿಲ್ಲ. ದೀಪ ಹತ್ತಿ ಜನ ಎದ್ದ ಮೇಲೂ ನಾವಿಬ್ಬರು ಕೊನೆಯ ಅಕ್ಷರದವರೆಗೆ ಕೂತಿದ್ದೆವು.

ತಿರುಗಿ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ, "ಬರಲಿಲ್ಲಲ್ರಿ ಆಕಿ," ಎಂದೆ.

"ಬರೂದಿಲ್ಲಂತ ಒಳಗಽ ಗೊತ್ತಿತ್ತು," ಎಂದರು ಕಸ್ತೂರಕ್ಕ. "ಹಂಗಂತ ಹುಡುಕೂದ ಬಿಡಾಕ ಆಕ್ಕತೇನು?"

ಅಷ್ಟರಲ್ಲಿ ಅವರ ಬಸ್ಸು ಬಂತು.

ಮೊನ್ನೆ ಭಾನುವಾರ, ನಾಲ್ಕನೆಯ ಭಾಗದ ಸುದ್ದಿಯನ್ನು ಮುಂದಿಟ್ಟುಕೊಂಡು ಆಲಮಟ್ಟಿಗೆ ಹೊರಟೆ. ಅತ್ತೆಯೂ ಚೀಲ ಹಿಡಿದು ನಿಂತರು. "ಇಷ್ಟ ವರ್ಷ ಅದೇನ ಮಾತಾಡ್ತೀರಿ ನೋಡೇಬಿಡ್ತೇನಿ," ಎಂದರು. ಊಟವಾದ ಮೇಲೆ ಮೂವರೂ ಟೀವಿಯ ಮುಂದೆ ಕೂತೆವು. ಮೊದಲ ಭಾಗವನ್ನೇ ಹಾಕಿದೆವು. ಕಟ್ಟಡ ಕುಸಿಯಿತು. ಹಗುರಪ್ಪ ಬಸ್ಸಿಗೆ ಬೆರಳು ಹಚ್ಚಿದ.

"ಏ, ನಿಲ್ಲಸ್ರಿ ಅದನ್ನ," ಎಂದರು ಅತ್ತೆ. ಕಸ್ತೂರಕ್ಕ ನಿಲ್ಲಿಸಿದರು. ಅತ್ತೆ ಕನ್ನಡಕ ಸರಿಮಾಡಿಕೊಂಡು ಪರದೆಯ ಮೂಲೆಗೆ ಬೆರಳು ತೋರಿಸಿದರು. "ಆ ಹಳದಿ ಅರಿವಿಯಾಕಿ ಯಾರು? ಆಕಿ ಕೂಸು ಸಿಕ್ತೇನು?"

ನಾನು ಕಸ್ತೂರಕ್ಕನ ಮುಖ ನೋಡಲಾರದೆ ನೆಲ ನೋಡಿದೆ.

"ಇಲ್ರಿ ಅತ್ತಿ, ಸಿಗಲಿಲ್ಲ," ಎಂದರು ಕಸ್ತೂರಕ್ಕ.

"ಮುಂದಿನದರಾಗ?"

"ಅದರಾಗೂ ಇಲ್ರಿ."

ಕಿಟಕಿಯಿಂದ ಜಲಾಶಯದ ಗಾಳಿ ಬಂದು ಪರದೆ ಬಟ್ಟೆಯನ್ನು ಎತ್ತಿ ಎತ್ತಿ ಇಳಿಸುತ್ತಿತ್ತು. ಅತ್ತೆ ಟೀವಿಯ ಕಡೆ ನೋಡುತ್ತಲೇ ಹೇಳಿದರು: "ದವಾಖಾನ್ಯಾಗ ನಿನಗ ಮಂಪರ ಹತ್ತಿತ್ತು. ಕೂಸು ನನ್ನ ತೊಡಿ ಮ್ಯಾಲ ಇತ್ತು. ಸೀನಿತ್ತು."

"ಸೀನಿತ್ತೇನ್ರಿ?" ಕಸ್ತೂರಕ್ಕನ ದನಿ ಕೂಸಿನ ದನಿಯಷ್ಟು ಸಣ್ಣದಾಗಿತ್ತು. "ನಂಗ ಯಾರೂ ಹೇಳಲೇ ಇಲ್ಲಲ್ರಿ."

"ಎರಡ ಸಲ. ಸೀನಿ ತಾನಽ ಗಾಬ್ರಿ ಆಗಿ ಕಣ್ಣ ತೆರೀತು. ನಾ ನಕ್ಕುಬಿಟ್ಟೆ."

ಕಸ್ತೂರಕ್ಕ ರಿಮೋಟನ್ನು ಕೆಳಗಿಟ್ಟು, ಅತ್ತೆಯ ಪಕ್ಕಕ್ಕೆ ಸರಿದು ಕೂತರು. "ಮತ್ತ ಏನ ಮಾಡ್ತು? ಹೇಳ್ರಿ," ಎಂದರು.

ಹಗುರಪ್ಪ ಬಸ್ಸಿಗೆ ಬೆರಳು ಹಚ್ಚಿಕೊಂಡು ಹಾಗೆಯೇ ನಿಂತಿದ್ದ. ಸಂಜೆ ನಾನು ಹೊರಡುವವರೆಗೂ ಅವನನ್ನು ಯಾರೂ ಮುಂದೆ ಬಿಡಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ನಾನೊಬ್ಬಳೇ ಇದ್ದೆ. ಅತ್ತೆ ಎಂಟು ದಿನ ಅಲ್ಲೇ ಇದ್ದು ಬರುತ್ತಾರಂತೆ.