ಬ್ರೇಕಕ್ಕ ಕೆಳಗೆ ನೋಡಿದ ಆ ಕ್ಷಣ

ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಬ್ರೇಕಕ್ಕ ಎಂದೇ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದಲ್ಲ, ಹತ್ತೊಂಬತ್ತು ವರ್ಷದಿಂದ ಅವಳ ಬಲಗಾಲು ಅದರ ಮೇಲೇ. ಮೊದಲು ಅದೇ ಸ್ಕೂಲಿನಲ್ಲಿ ಅರ್ಜಿ ತುಂಬಿಕೊಡುತ್ತಿದ್ದವಳು. ಕಲಿಸುವವನೊಬ್ಬ ಹೇಳದೆ ಕೇಳದೆ ಕೆಲಸ ಬಿಟ್ಟಾಗ "ನಾನು ಕಲಿಸ್ತೀನಿ" ಅಂದಳು. ಮಾಲೀಕ ನಕ್ಕ. ಆರು ತಿಂಗಳಲ್ಲಿ ಜನ ಅವಳನ್ನೇ ಕೇಳಿಕೊಂಡು ಬರತೊಡಗಿದ ಮೇಲೆ ಆ ನಗು ಅಡಗಿತು. ಅವಳದು ಒಂದೇ ಹಠ: ಕಾರೊಳಗೆ ಫೋನ್ ಮುಟ್ಟುವ ಹಾಗಿಲ್ಲ. ಮುಟ್ಟಿದವರನ್ನು ದಾರಿಯಲ್ಲೇ ಇಳಿಸಿ, "ನಡ್ಕೊಂಡು ಬನ್ನಿ" ಎಂದು ಬಿಟ್ಟುಬಂದದ್ದೂ ಉಂಟು.

ಆ ದಿನ ಮಾತ್ರ ಬೆಳಗಿನಿಂದಲೇ ಅವಳು ಅವಳಾಗಿರಲಿಲ್ಲ. ಮಗಳು ಅಗ್ನಿಶಾಮಕ ದಳ ಸೇರಲು ಪರೀಕ್ಷೆ ಕೊಟ್ಟಿದ್ದಳು. ಏಣಿ ಹತ್ತಿ, ಮರಳುಮೂಟೆ ಹೊತ್ತು ಓಡಿ, ಅಂಗೈ ಚರ್ಮ ಸುಲಿದುಕೊಂಡಿದ್ದಳು. ಹನ್ನೊಂದು ಗಂಟೆಗೆ ಆಯ್ಕೆಯಾದವರ ಪಟ್ಟಿ ಹಾಕುತ್ತಾರೆ. ಬ್ಯಾಗಿನಲ್ಲಿರಬೇಕಾದ ಫೋನು ಅವತ್ತು ಬ್ರೇಕಕ್ಕನ ತೊಡೆಯ ಕೆಳಗಿತ್ತು.

ಸ್ಟೀರಿಂಗ್ ಹಿಡಿದಿದ್ದವರು ಆಸ್ಪತ್ರೆಯ ಹಿರಿಯ ನರ್ಸು. ಐವತ್ತೆಂಟು ವಯಸ್ಸು, ಅಂದು ಮೊದಲ ಸಲ ದೊಡ್ಡ ರಸ್ತೆಗೆ ಇಳಿದಿದ್ದರು.

"ಟೀಚರ್, ಮೂರನೇ ಗೇರು ಬಿತ್ತು. ನೋಡಿದ್ರಾ?"

"ನೋಡ್ದೆ ಸಿಸ್ಟರ್, ಬೆಣ್ಣೆ ಥರ ಬಿತ್ತು."

ಇಬ್ಬರಿಗೂ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ತೊಡೆಯ ಕೆಳಗೆ ಫೋನು ಗುರ್ ಎಂದಿತು. ಬ್ರೇಕಕ್ಕ ಅದನ್ನು ಅರ್ಧ ಎಳೆದಳು. ಪರದೆಯ ಮೇಲೆ ಒಂದು ಸಾಲು: "ಅಮ್ಮಾ, ಪಟ್ಟಿಯಲ್ಲಿ ನನ್ನ ಹೆಸರು..." ಅಲ್ಲಿಗೆ ಕಟ್. ಇದೆಯೋ? ಇಲ್ಲವೋ? ತಲೆ ಬಗ್ಗಿಸಿ ಬೆರಳಿಟ್ಟಳು. ಕಾಲು ತಾನಾಗಿಯೇ ಬ್ರೇಕಿನಿಂದ ಹಿಂದೆ ಸರಿಯಿತು.

ಆಗಲೇ, ನಿಂತಿದ್ದ ವ್ಯಾನೊಂದರ ಮರೆಯಿಂದ ಒಬ್ಬಾತ ಗಾಲಿಕುರ್ಚಿ ತಳ್ಳಿಕೊಂಡು ರಸ್ತೆಗಿಳಿದ. ಕುರ್ಚಿಯಲ್ಲಿ ಮುದುಕಿ, ಮಡಿಲಲ್ಲಿ ಔಷಧಿಯ ಚೀಲ.

ಕಾರು ಧಡಕ್ಕನೆ ನಿಂತಿತು. ಫೋನು ಹಾರಿ ಎಲ್ಲೋ ಬಿತ್ತು. ಬ್ರೇಕಕ್ಕ ತಲೆ ಎತ್ತಿದಾಗ ಗಾಲಿಕುರ್ಚಿಗೂ ಬಂಪರಿಗೂ ಒಂದೇ ಒಂದು ಮೊಳ. ಮುದುಕಿ ಇವರನ್ನೇ ದಿಟ್ಟಿಸುತ್ತಿದ್ದಳು. ಹಿಂದಿನಿಂದ ಹಾರ್ನುಗಳ ಸುರಿಮಳೆ. ಬ್ರೇಕ್ ಒತ್ತಿದ್ದು ನರ್ಸು, ಕಲಿಯಲು ಬಂದವರು.

ಗಾಲಿಕುರ್ಚಿ ದಾಟಿತು. ನರ್ಸು ನಿಂತುಹೋಗಿದ್ದ ಎಂಜಿನ್ ಚಾಲೂ ಮಾಡಿ, ಇಂಡಿಕೇಟರ್ ಹಾಕಿ, ಪಕ್ಕಕ್ಕೆ ನಿಲ್ಲಿಸಿದರು. ಎಲ್ಲ ಪಾಠದ ಪ್ರಕಾರವೇ. ಆಮೇಲೆ ಕೇಳಿದರು:

"ಟೀಚರ್, ನಿಮ್ಮ ಕಾಲೆಲ್ಲಿತ್ತು?"

"ಮಗಳ ರಿಸಲ್ಟಿನ ಮೆಸೇಜು... ಒಂದೇ ಸಲ ನೋಡೋಣ ಅಂತ."

"ನಮ್ಮ ಆಕ್ಸಿಡೆಂಟ್ ವಾರ್ಡಿಗೆ ಬರೋರೂ ಇದನ್ನೇ ಹೇಳ್ತಾರೆ. ಒಂದೇ ಸಲ ನೋಡಿದ್ದು ಸಿಸ್ಟರ್, ಅಂತ. ಹೇಳೋಕೆ ಜೀವ ಉಳಿದೋರು ಮಾತ್ರ." ನರ್ಸಿನ ದನಿಯಲ್ಲಿ ಸಿಟ್ಟಿರಲಿಲ್ಲ. ಬ್ರೇಕಕ್ಕ ಅವರ ಕೈ ಹಿಡಿದುಕೊಂಡಳು. "ತಪ್ಪಾಯ್ತು. ಇವತ್ತು ನೀವಿಲ್ದಿದ್ರೆ..."

ನರ್ಸು ಕೀಲಿ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. ಸೀಟಿನಡಿ ತಡಕಿ ಫೋನು ಹುಡುಕಿ ಕೊಟ್ಟರು. "ಈಗ ಗಾಡಿ ನಿಂತಿದೆ. ಓದಿ. ನನಗೂ ತಡೀತಿಲ್ಲ."

"ಅಮ್ಮಾ, ಪಟ್ಟಿಯಲ್ಲಿ ನನ್ನ ಹೆಸರು ನಾಲ್ಕನೇದು!"

ರಸ್ತೆ ಬದಿಯ ಆ ಪುಟ್ಟ ಕಾರಿನಲ್ಲಿ ಇಬ್ಬರು ಹೆಂಗಸರು ಅಪ್ಪಿಕೊಂಡು ಅತ್ತರು, ನಕ್ಕರು. ದಾರಿಹೋಕರು ಬಗ್ಗಿ ನೋಡಿ ಮುಂದೆ ಹೋದರು.

ಮಗಳಿಗೆ ಫೋನ್ ಮಾಡಿದಾಗ ಬ್ರೇಕಕ್ಕ ಗಾಲಿಕುರ್ಚಿಯ ಸಂಗತಿಯನ್ನೂ ಮುಚ್ಚಿಡಲಿಲ್ಲ. ಮಗಳು ಅಂದಳು: "ಅಮ್ಮಾ, ನಾನು ಸಂಜೆಗೆ ಹೇಳಿದ್ರೂ ಹೆಸರು ಅಲ್ಲೇ ಇರ್ತಿತ್ತು."

ಮರುದಿನ ಬ್ರೇಕಕ್ಕ ಸ್ಕೂಲಿನಲ್ಲಿ, ಮಾಲೀಕನೂ ಇದ್ದಾಗಲೇ, ಹೊಸಬರೆಲ್ಲರನ್ನೂ ಕೂರಿಸಿ ತನ್ನ ತಪ್ಪನ್ನು ತಾನೇ ಹೇಳಿಕೊಂಡಳು. ಅಂದಿನಿಂದ ಕಲಿಸುವವರ ಫೋನೂ ಸ್ವಿಚ್ ಆಫ್ ಆಗಿ ಕಾರಿನ ಡಿಕ್ಕಿಗೆ ಹೋಗುತ್ತದೆ. ಮುಂದಿನ ತಿಂಗಳು ನರ್ಸು ಲೈಸೆನ್ಸ್ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದರು. ಪರೀಕ್ಷೆ ಮಾಡಿದ ಅಧಿಕಾರಿ ಕೆಳಗಿಳಿದು ಬ್ರೇಕಕ್ಕನಿಗೆ ಹೇಳಿದ್ದು ಇಷ್ಟೆ: "ಇವರ ಕಣ್ಣು ರಸ್ತೆ ಬಿಟ್ಟು ಕದಲೋದೇ ಇಲ್ಲ ಕಣ್ರೀ. ಯಾರು ಕಲಿಸಿದ್ದು?"

ಬ್ರೇಕಕ್ಕ ನರ್ಸಿನ ಕಡೆ ತಿರುಗಿ ಚಪ್ಪಾಳೆ ತಟ್ಟತೊಡಗಿದಳು.