ಸಿಂಗಾಪುರದಲ್ಲಿ ಸೀಟು ಹಿಡಿದದ್ದು

ಪರದೇಶದ ಊರಿನಲ್ಲಿ ಒಬ್ಬನೇ ಅಲೆದರೆ ಮನುಷ್ಯನಿಗೆ ಅಂತರಂಗದ ಕರೆ ಕೇಳಿಸುತ್ತದೆ ಎನ್ನುತ್ತಾರೆ. ನನಗೂ ಕೇಳಿಸಿತು. ಬೆಳಿಗ್ಗೆ ಹೋಟೆಲಿನಲ್ಲಿ ಪುಕ್ಕಟೆ ಸಿಕ್ಕಿತೆಂದು ಮೂರು ಲೋಟ ಕಿತ್ತಳೆ ರಸ ಕುಡಿದಿದ್ದೆ.

ನ್ಯಾಮತಿಯಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಟಾರ್ಗೆಟ್ ಮುಟ್ಟಿಸಿದ ವ್ಯಾಪಾರಿಗಳನ್ನು ಬೀಜದ ಕಂಪನಿಯೊಂದು ಸಿಂಗಾಪುರಕ್ಕೆ ಕರೆದೊಯ್ದಿತ್ತು. ಕಡೆಯ ದಿನ ಬಿಡುವು. ಸಂಜೆ ನಾಲ್ಕಕ್ಕೆ ಎಲ್ಲರೂ ಹೋಟೆಲಿನಲ್ಲಿ ಸೇರಬೇಕು, ಎಂಟಕ್ಕೆ ವಿಮಾನ. ನನ್ನ ಕೋಣೆಯಲ್ಲಿದ್ದ ಜಗಳೂರಿನ ವ್ಯಾಪಾರಿ ಸೊಂಟನೋವೆಂದು ಮಲಗಿಬಿಟ್ಟರು. ಉಳಿದವರು ಮಾಲ್‌ಗೆ ನುಗ್ಗಿದರು. ಪೇಟೆಯ ನಡುಭಾಗವನ್ನು ನೋಡಿ ಬರುವ ಘನ ಕರ್ತವ್ಯ ನನ್ನೊಬ್ಬನ ಹೆಗಲಿಗೆ ಬಿತ್ತು.

ಊರು ತೋರಿಸುವ ತೆರೆದ ಮಹಡಿಯ ಬಸ್ಸು ನಿಂತಿತ್ತು. ಹೊರಡಲು ಇನ್ನೂ ಹದಿನೈದು ನಿಮಿಷ. ಟಿಕೆಟ್ ತೆಗೆದು, ಮಹಡಿ ಹತ್ತಿ, ಪಾಸ್‌ಪೋರ್ಟ್ ಇದ್ದ ಚೀಲವನ್ನು ಮುಂದಿನ ಸೀಟಿನ ಮೇಲಿಟ್ಟು, ಅದರ ಮೇಲೊಂದು ಟವೆಲ್ ಹಾಸಿ, ಶೌಚಾಲಯ ಹುಡುಕಲು ಇಳಿದೆ. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ತೂರಿದ ಟವೆಲ್ಲಿಗೆ ರಿಜಿಸ್ಟರ್ ಆದ ಕ್ರಯಪತ್ರದ ಬೆಲೆ ಇದೆ. ಈ ಕಾನೂನು ಸಮುದ್ರ ದಾಟಿಲ್ಲವೆಂದು ನನಗೆ ಯಾರೂ ತಿಳಿಸಿರಲಿಲ್ಲ.

ಎದುರಿನ ಕಟ್ಟಡದಲ್ಲಿ ದಾರಿ ತಪ್ಪಿ ಹೊರಬರುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು. ಬಸ್ಸು ಹೋಗಿರಲಿಲ್ಲ. ಆದರೆ ಅದರೊಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಸುತ್ತ ಪಟ್ಟಿ ಕಟ್ಟಿ, ಜನರನ್ನು ದೂರ ನಿಲ್ಲಿಸಿದ್ದರು. ಸಿನಿಮಾ ಶೂಟಿಂಗ್ ಎಂದು ತೀರ್ಮಾನಿಸಿದೆ. ಶೂಟಿಂಗ್ ಮುಗಿಯುವವರೆಗೆ ನನ್ನ ಸೀಟಿಗೆ ಧಕ್ಕೆಯಿಲ್ಲವೆಂಬ ಸಮಾಧಾನದಿಂದ ಗುಂಪಿನಲ್ಲಿ ನಿಂತು, ಒಂದು ಫೋಟೋ ತೆಗೆದು ಜಗಳೂರಿನವರಿಗೆ ಕಳಿಸಿದೆ. ಹೀರೋಯಿನ್ ಇನ್ನೂ ಬಂದಿಲ್ಲ ಎಂದೂ ಬರೆದೆ.

ನಿಮಿಷದಲ್ಲಿ ಫೋನ್ ಬಂತು.

“ರೀ, ಮುಂದಿನ ಸೀಟಿನಾಗೆ ಕಾಣ್ತಿರೋದು ನಿಮ್ಮ ಚೀಲ ಅಲ್ಲೇನ್ರಿ?”

“ಹೌದು. ಸೀಟು ಹಿಡಿದೀನಿ.”

“ಜನ ಎಲ್ಲಾ ಕೈ ಮಾಡಿ ತೋರಿಸ್ತಿರೋದೂ ಅದನ್ನೇ. ಬಾಂಬ್ ಅಂದ್ಕಂಡಾರೆ ಕಣ್ರಿ. ಪಾಸ್‌ಪೋರ್ಟ್ ಎಲ್ಲೈತೆ?”

“ಅದ್ರಾಗೇ ಐತೆ.”

ಅವರು ಸಾವಿನ ಮನೆಯ ದನಿಯಲ್ಲಿ ಹೇಳಿದರು: “ಹಂಗಾರೆ ಓಡ್ರಿ. ಪೊಲೀಸ್ರು ಅದನ್ನ ಸಿಡಿಸಾಕೆ ಮುಂಚೆ ಓಡ್ರಿ.”

ಪಟ್ಟಿಯ ಹತ್ತಿರ ಓಡಿ, ಎರಡೂ ಕೈ ಎತ್ತಿ, ನನಗೆ ಬರುವ ಇಂಗ್ಲಿಷನ್ನೆಲ್ಲ ಒಂದೇ ಉಸಿರಿಗೆ ಖರ್ಚು ಮಾಡಿದೆ. ಅಧಿಕಾರಿಯೊಬ್ಬರು ನನ್ನನ್ನು ಪಕ್ಕಕ್ಕೆ ಕೂರಿಸಿ, ಒಳಗೇನಿದೆ ಎಂದು ಕೇಳಿದರು. ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ, ಒಂದು ಡಬ್ಬಿ ಕೆಂಪು ಪುಡಿ ಎಂದೆ. ಕೊನೆಯದನ್ನು ಹೇಳಬಾರದಿತ್ತು. ಅದು ಶೇಂಗಾ ಚಟ್ನಿಪುಡಿ ಎಂದು ಸಾಬೀತುಪಡಿಸಲು ಎರಡು ಗಂಟೆ ಹಿಡಿಯಿತು. ಕಡೆಗೆ ಅವರ ಕಣ್ಣೆದುರೇ ಒಂದು ಚಮಚ ನೀರಿಲ್ಲದೆ ನುಂಗಿದೆ. ಜಗಳೂರಿನವರು ಇಪ್ಪತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿ, ವಿಮಾನ ನಿಮಗಾಗಿ ನಿಲ್ಲಾಕಿಲ್ಲ ಎಂಬ ಸುದ್ದಿಯನ್ನು ಹೊಸದೆಂಬಂತೆ ತಿಳಿಸುತ್ತಿದ್ದರು.

ಅಧಿಕಾರಿಗೆ ಒಂದು ಮಾತ್ರ ಅರ್ಥವಾಗಲೇ ಇಲ್ಲ. ಮಹಡಿಯಲ್ಲಿ ಸೀಟು ನಲವತ್ತಕ್ಕಿಂತ ಹೆಚ್ಚಿದ್ದವು, ಹತ್ತಿದ್ದವರು ಆರು ಜನ. ಹಾಗಿದ್ದ ಮೇಲೆ ಸೀಟು ಹಿಡಿಯುವುದೇಕೆ? ಮೂರು ಸಲ ಕೇಳಿದರು. ಮೂರು ಸಲವೂ ನಾನು ಅಭ್ಯಾಸ ಎಂದೆ. ಅವರು ಅದನ್ನೇ ಬರೆದುಕೊಂಡರು.

ಮೂರೂವರೆಗೆ ಪಾಸ್‌ಪೋರ್ಟ್ ಕೊಟ್ಟರು. ಎಂಟರ ವಿಮಾನಕ್ಕೆ ಎಲ್ಲರ ಜೊತೆ ಹತ್ತಿದೆ.