ಕೆಂಪು ರಟ್ಟಿನ ಎರಡನೇ ಸಂಪುಟ

ನಮ್ಮ ಮನೆಯ ಟಿ.ವಿ. ಮೇಜಿನ ಮೇಲೆ ಒಂದು ಮರದ ತುಂಡಿದೆ. ಅದಕ್ಕೆ ನಾನು ಕೊಟ್ಟದ್ದು ಎರಡೂವರೆ ಸಾವಿರ ರೂಪಾಯಿ. ಅಂಗಡಿಯವನು ಹೇಳಿದ್ದೂ ಅಷ್ಟೇ, ನಾನು ಕೊಟ್ಟದ್ದೂ ಅಷ್ಟೇ. ದಿಲ್ಲಿಗೆ ಬಂದ ಮೇಲೆ ಕೊತ್ತಂಬರಿ ಸೊಪ್ಪಿನಿಂದ ಹಿಡಿದು ದ್ವಾರಕಾದ ಈ ಫ್ಲ್ಯಾಟಿನವರೆಗೆ ನಾನು ಚೌಕಾಸಿ ಮಾಡದೆ ಕೊಂಡ ವಸ್ತು ಇದೊಂದೇ. ಕೊಳ್ಳುವುದಕ್ಕೆ ಮೂರು ವಾರ ಮೊದಲು, ಇದು ಇನ್ನೂ ಪುಸ್ತಕವಾಗಿದ್ದಾಗ, ಒಂಬೈನೂರಕ್ಕೆ ಸಿಗುತ್ತಿತ್ತು. ನಾನು ಆರುನೂರು ಅಂದಿದ್ದೆ. ಹೀಗಾಯಿತಲ್ಲ ಎಂದು ಅಳುವುದಕ್ಕೆ ಬರೆಯುತ್ತಿಲ್ಲ. ಓದಿದವರಲ್ಲಿ ಯಾರಾದರೂ ಒಬ್ಬರು ನನ್ನ ತಪ್ಪು ಮಾಡದಿದ್ದರೆ ಸಾಕು.

ನಮ್ಮ ಯಜಮಾನರು ಕೇಂದ್ರ ಸರ್ಕಾರದ ಒಂದು ಕಚೇರಿಗೆ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ಮದುವೆಯಾಗಿ ದಾವಣಗೆರೆಯಿಂದ ಸರೋಜಿನಿ ನಗರದ ಕ್ವಾರ್ಟರ್ಸಿಗೆ ಬಂದಾಗ ನನಗೆ ಬರುತ್ತಿದ್ದ ಹಿಂದಿ ಎರಡೇ ಮಾತು: ‘ಕಿತನಾ’ ಅಂದರೆ ಎಷ್ಟು, ‘ಬಹುತ್ ಜ್ಯಾದಾ’ ಅಂದರೆ ತುಂಬಾ ಜಾಸ್ತಿ. ಆ ಎರಡು ಮಾತಿನಲ್ಲೇ ವ್ಯಾಪಾರ ಕಟ್ಟಿದೆ. ಎಕ್ಸ್‌ಪೋರ್ಟಿಗೆಂದು ಹೊಲಿದು ಮಿಕ್ಕ ಬಟ್ಟೆಯನ್ನು ಮಾರ್ಕೆಟ್ಟಿನಲ್ಲಿ ಗಂಟುಗಟ್ಟಲೆ ಕೊಂಡು, ಕ್ವಾರ್ಟರ್ಸಿನ ಹೆಂಗಸರಿಗೆ ಬಿಡಿಯಾಗಿ ಮಾರಿದೆ. ಹೊಲಿಗೆ ಯಂತ್ರ ಒಂದು ಮೂರಾಯಿತು. ಈಗ ದ್ವಾರಕಾದಲ್ಲಿ ಸ್ವಂತ ಅಂಗಡಿ.

ಈ ವ್ಯಾಪಾರದಲ್ಲಿ ನಾನು ಕಲಿತದ್ದು ಎರಡು ನಿಯಮ. ಬೇಕು ಅನ್ನುವುದು ಮುಖದಲ್ಲಿ ಕಾಣಬಾರದು. ಬೆಲೆ ಇಳಿಯದಿದ್ದರೆ ವಸ್ತು ಕೆಳಗಿಟ್ಟು, ಹಿಂದಿರುಗಿ ನೋಡದೆ ಹತ್ತು ಹೆಜ್ಜೆ ನಡೆಯಬೇಕು. ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ‘ಮೇಡಂಜೀ, ಆಯಿಯೇ’ ಎಂದು ಕರೆದೇ ಕರೆಯುತ್ತಾರೆ. ಹೊಸದಾಗಿ ವರ್ಗವಾಗಿ ಬಂದ ಎಷ್ಟೋ ಜನ ಕನ್ನಡದ ಹೆಂಗಸರಿಗೆ ಈ ಹತ್ತು ಹೆಜ್ಜೆಯನ್ನು ನಡೆಸಿ ಕಲಿಸಿದವಳು ನಾನೇ.

ಯಜಮಾನರಿಗೆ ಇದು ಯಾವುದೂ ಹತ್ತಲಿಲ್ಲ. ಅವರದೇ ಒಂದು ಹುಚ್ಚಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಚೇರಿಯ ಲೈಬ್ರರಿಯ ಹಳೆ ಪುಸ್ತಕಗಳನ್ನು ರದ್ದಿಗೆ ಹಾಕಿದಾಗ ಒಂದು ದೊಡ್ಡ ಪುಸ್ತಕವನ್ನು ತೂಕಕ್ಕೆ ಕೊಂಡು ತಂದಿದ್ದರು. ಕೆಂಪು ಬಟ್ಟೆಯ ರಟ್ಟು, ಮೇಲೆ ಓಡುವ ಚಿನ್ನದ ಬಣ್ಣದ ಕುದುರೆ, ಕೆಳಗೆ ‘ಒಂದು’ ಎಂಬ ಅಂಕಿ. ಅಚ್ಚಾದ ಪುಸ್ತಕವಲ್ಲ ಅದು. ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ರೇಸಿನ ಲೆಕ್ಕಪತ್ರ ನೋಡುತ್ತಿದ್ದ ಗುಮಾಸ್ತನೊಬ್ಬ ಕೈಯಿಂದ ಬರೆದು, ಚೀಟಿ ಅಂಟಿಸಿ ಮಾಡಿದ್ದು. ಅವನ ಮಗ ಇಲ್ಲಿಗೆ ಅಧಿಕಾರಿಯಾಗಿ ಬಂದಾಗ ಜೊತೆಗೆ ತಂದು ಲೈಬ್ರರಿಗೆ ಕೊಟ್ಟಿದ್ದನಂತೆ.

ಆ ಊರಿನಲ್ಲಿ ನದಿಯ ಪಕ್ಕ ಒಂದು ಗೋಮಾಳ. ವರ್ಷಕ್ಕೆ ಎರಡು ದಿನ ಹಸುಗಳನ್ನು ಆಚೆ ಹೊಡೆದು, ಹಗ್ಗ ಕಟ್ಟಿ, ಅಲ್ಲಿ ಕುದುರೆ ಓಡಿಸುತ್ತಿದ್ದರು. ರೈಲು ಬರುವ ಮೊದಲು ಕುದುರೆಗಳು ಮೂರು ದಿನ ನಡೆದುಕೊಂಡೇ ಬರುತ್ತಿದ್ದವು. ಗೆದ್ದದ್ದಕ್ಕೆ ಬೆಳ್ಳಿ ಬಟ್ಟಲು, ಎರಡನೆಯದಕ್ಕೆ ಜೀನು. ಖರ್ಚಿಗೆ ಊರಿನ ಹೋಟೆಲಿನವರಿಂದ ವಂತಿಗೆ. ಯಾವ ಕುದುರೆ ಕುಂಟಿತು, ಯಾವ ಸವಾರ ತೂಕ ಹೆಚ್ಚಾಗಿ ಎರಡು ದಿನ ಉಪವಾಸ ಬಿದ್ದ, ಜೇಬುಗಳ್ಳರು ಎಷ್ಟು ಜನ ಸಿಕ್ಕಿಬಿದ್ದರು, ಒಂದನ್ನೂ ಬಿಡದೆ ಬರೆದಿದ್ದ. ನಮ್ಮವರು ಬದುಕಿನಲ್ಲಿ ಒಂದು ರೂಪಾಯಿ ಬಾಜಿ ಕಟ್ಟಿದವರಲ್ಲ. ಆದರೆ ರಾತ್ರಿ ಊಟವಾದ ಮೇಲೆ ಕೂತು ಆ ಊರಿನ ರೇಸಿನ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದರು.

“ಯಾರ್ರೀ ಓದ್ತಾರೆ ಇದನ್ನ?” ಎಂದು ಕೇಳಿದರೆ, “ಅವನು ಬರೆದಾಗ ನಾನು ಓದ್ತೀನಿ ಅಂತ ಅವನಿಗೆ ಗೊತ್ತಿತ್ತೇನೇ?” ಅನ್ನುತ್ತಿದ್ದರು.

ತೊಂದರೆ ಏನೆಂದರೆ ಒಂದನೇ ಸಂಪುಟ ನಡುವೆಯೇ ನಿಂತುಹೋಗುತ್ತದೆ. ಕೊನೆಯ ಪುಟದಲ್ಲಿ ಗೋಮಾಳದ ಹಕ್ಕುದಾರರು ಬಾಡಿಗೆ ಹೆಚ್ಚು ಕೇಳುತ್ತಾರೆ, ರೇಸಿನ ಕಮಿಟಿಯವರು ಕೊಡುವುದಿಲ್ಲ ಎನ್ನುತ್ತಾರೆ, ಮುಂದಿನ ಗುರುವಾರ ಸಭೆ. ಅಷ್ಟೇ. ಎರಡನೆಯದು ಎಂದೋ ಲೈಬ್ರರಿಯಿಂದ ಕಾಣೆಯಾಗಿತ್ತು. ದರಿಯಾಗಂಜಿನ ಭಾನುವಾರದ ಪುಸ್ತಕದ ಸಂತೆಗೆ ಅವರು ವರ್ಷಗಟ್ಟಲೆ ತಪ್ಪದೆ ಹೋದರು. ಫುಟ್‌ಪಾತಿನಿಂದ ಎಬ್ಬಿಸಿ ಸಂತೆಯನ್ನು ಕಾಂಪೌಂಡಿನೊಳಗೆ ಹಾಕಿದ ಮೇಲೂ ಹೋದರು.

ನಮ್ಮ ಮಗಳು ಒಮ್ಮೆ ಫೋನಿನಲ್ಲಿ ಹುಡುಕಿಕೊಟ್ಟಳು. “ಪಪ್ಪಾ, ಒಂದೇ ಲೈನ್ ಇದೆ. ರೇಸ್ ಬಂದ್ ಹೋ ಗಯಾ. ಈಗ ಅಲ್ಲಿ ಕಾರ್ ಪಾರ್ಕಿಂಗ್. ಬಸ್.”

“ಬಂದ್ ಆಯ್ತು ಅನ್ನೋದು ನಂಗೂ ಗೊತ್ತು ಪುಟ್ಟಾ. ಯಾಕೆ ಆಯ್ತು?”

“ಗೂಗಲ್ ಕೋ ನಹೀಂ ಪತಾ, ಪಪ್ಪಾ.”

ಹೋದ ವರ್ಷ ಅವರ ಎಡಗಣ್ಣು ಹೋಯಿತು. ಗ್ಲಾಕೋಮಾ. ನೋವಿಲ್ಲ, ಕೆಂಪಿಲ್ಲ, ಗೊತ್ತೇ ಆಗಲಿಲ್ಲ. ಬಲಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಮಾತ್ರ ಒಂದಿಷ್ಟು ಕಾಣುತ್ತಿತ್ತು. ‘ಹೋದದ್ದು ವಾಪಸ್ ಬರಲ್ಲ, ಉಳಿದಿರೋದು ಕೆಲವು ತಿಂಗಳು ಇರಬಹುದು’ ಎಂದರು ಡಾಕ್ಟರು. ಅವತ್ತು ಮೆಟ್ರೋದಲ್ಲಿ ಬರುವಾಗ ಇವರು ಹೇಳಿದ್ದು ಒಂದೇ ಮಾತು: “ಎರಡನೇದು ಈಗ ಸಿಕ್ಕಿದ್ರೆ ಓದ್ಕೋಬಹುದಿತ್ತು. ನಾನು ಬರೀತಿರೋದ್ರಲ್ಲಿ ಕೊನೇ ಅಧ್ಯಾಯ ಒಂದೇ ಬಾಕಿ.”

ಅಲ್ಲಿಂದ ಪ್ರತಿ ಭಾನುವಾರ ನಾನೂ ಅಂಗಡಿ ಮುಚ್ಚಿ ಜೊತೆಗೆ ಹೊರಟೆ. ಐದನೆಯ ವಾರ ಅದು ಸಿಕ್ಕಿತು.

ನೋಡಿದ್ದು ನಾನೇ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಕೆಳಗೆ ಕೆಂಪು ರಟ್ಟಿನ ಒಂದು ಮೂಲೆ, ಕುದುರೆಯ ಹಿಂಗಾಲು. ಎಳೆದೆ. ‘ಎರಡು’ ಎಂಬ ಅಂಕಿ. ಅವರ ಕೈಗಿಟ್ಟೆ. ಬಲಗಣ್ಣಿನ ಹತ್ತಿರ ಹಿಡಿದುಕೊಂಡು ಮೊದಲ ಪುಟ ತೆರೆದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಅಷ್ಟು ವರ್ಷ ನಾನು ಹೇಳಿದ್ದನ್ನು ಅವರು ಪಾಲಿಸಿದ್ದು ಅವತ್ತೊಂದೇ ದಿನ.

“ಇದೇ ಕಣೇ,” ಅಂದರು, ಮೆಲ್ಲಗೆ. ಸಂತೆಯಲ್ಲಿ ಕನ್ನಡ ನಮ್ಮ ಗುಟ್ಟಿನ ಭಾಷೆ.

“ಕೆಳಗಿಡಿ. ಭಯ್ಯಾ, ಯೇ ಕಿತನಾ?”

“ಪಂದ್ರಾ ಸೌ.”

ನಾನು ನಕ್ಕೆ. ಅರ್ಧ ಹರಿದಿದೆ, ಒದ್ದೆಯಾಗಿದೆ, ಗೆದ್ದಲು ಹಿಡಿದಿದೆ ಅಂದೆ. ಗೆದ್ದಲೇನೂ ಇರಲಿಲ್ಲ. ಹದಿನೈದು ನೂರು ಹನ್ನೆರಡಕ್ಕೆ ಇಳಿಯಿತು, ಹನ್ನೆರಡು ಒಂಬತ್ತಕ್ಕೆ. ಅಲ್ಲಿಗೆ ನಿಂತಿತು. ನಾನು ಆರುನೂರಿಗೆ ನಿಂತೆ.

“ಕೊಟ್ಟುಬಿಡೇ,” ಅಂದರು ಇವರು.

“ನೀವು ಸುಮ್ನಿರಿ. ಕರೀತಾನೆ.”

ಅವರ ಮೊಣಕೈ ಹಿಡಿದು ನಡೆಸಿದೆ. ಎಂಟು, ಒಂಬತ್ತು, ಹತ್ತು. ಕರೆಯಲಿಲ್ಲ. ಹಿಂದಿರುಗಿ ನೋಡಿದರೆ ಸೋತ ಹಾಗೆ. ಗೇಟಿನ ಹತ್ತಿರ ಚಹಾ ಕುಡಿಯೋಣ, ಅಷ್ಟರಲ್ಲಿ ಅವನಿಗೆ ಬುದ್ಧಿ ಬರುತ್ತದೆ ಅಂದೆ. ಇವರು ಲೋಟ ಹಿಡಿದುಕೊಂಡು ಕುಡಿಯದೆ ನಿಂತರು.

“ಮುನ್ನೂರು ರೂಪಾಯಿ ಕಣೇ.”

“ಮುನ್ನೂರಲ್ಲ ರೀ, ಪದ್ಧತಿ.”

ಹಿಂದಿರುಗಿ ಬಂದಾಗ ಗೈಡುಗಳಿದ್ದವು, ಪುಸ್ತಕವಿರಲಿಲ್ಲ. ಆ ರಾಶಿಯಲ್ಲಿದ್ದ ಕೆಂಪು, ಕಂದು ರಟ್ಟಿನವನ್ನೆಲ್ಲ ಒಬ್ಬನೇ ಬಂದು ಗೋಣಿಚೀಲಕ್ಕೆ ತುಂಬಿಸಿಕೊಂಡು ಹೋದನಂತೆ. “ನೀವು ಹೊರಟೇ ಹೋದಿರಲ್ಲಾ ಮೇಡಂ, ಬೇಡ ಅಂತ ತಿಳಿದೆ. ಬೇಕು ಅಂತ ಒಂದು ಮಾತು ಹೇಳಬಾರದಿತ್ತೇ?” ಎಂದ ಭಯ್ಯಾ, ಹಿಂದಿಯಲ್ಲಿ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಕೊಂಡವನು ಯಾರೆಂದು ತಿಳಿಯಲು ಒಂದು ವಾರ, ಅವನು ಯಾರಿಗೆ ಮಾರಿದ ಎಂದು ತಿಳಿಯಲು ಇನ್ನೆರಡು ವಾರ ಹಿಡಿಯಿತು. ಕೊನೆಗೆ ಕೀರ್ತಿ ನಗರದ ಗಲ್ಲಿಯೊಂದರ ಅಂಗಡಿಗೆ ತಲುಪಿದೆವು. ಗುರುಗ್ರಾಮದ ಹೊಸ ಕಟ್ಟಡಗಳಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಸಿಂಗರಿಸಿದ ಫ್ಲ್ಯಾಟುಗಳಿರುತ್ತವೆ. ಅಲ್ಲಿನ ಕಪಾಟುಗಳಿಗೆ ಪುಸ್ತಕ ಒದಗಿಸುವುದು ಆ ಅಂಗಡಿಯ ಕೆಲಸ. ಅವರಿಗೆ ಪುಸ್ತಕ ಅಂದರೆ ಅಳತೆ ಮತ್ತು ಬಣ್ಣ.

ಅಂಗಡಿಯವನು ಒಳಗಿಂದ ಐದಾರು ತಂದು ಮೇಜಿನ ಮೇಲಿಟ್ಟ. ಮೂರನೆಯದು ನಮ್ಮದು. ಅಷ್ಟರಲ್ಲಿ ಇವರ ಬಲಗಣ್ಣು ಇನ್ನಷ್ಟು ಮಂಕಾಗಿ, ಕೆಂಪು ಬಣ್ಣ ಕಾಣುತ್ತಿತ್ತೇ ಹೊರತು ಅಂಕಿ ಕಾಣುತ್ತಿರಲಿಲ್ಲ. ಬೆರಳಿನಿಂದ ಕುದುರೆಯನ್ನು ತಡವಿದರು. ಮೂತಿ, ಕುತ್ತಿಗೆ, ಮುಂಗಾಲು. ಆಮೇಲೆ ತೆರೆಯಲು ಹೋದರು. ತೆರೆಯಲಿಲ್ಲ.

“ಒಳಗೆ ಏನಿದೆಯೇ?”

“ಕಟ್ಟಿಗೆ ರೀ.”

ರಟ್ಟನ್ನು ಕತ್ತರಿಸಿ ಮರದ ತುಂಡಿಗೆ ಅಂಟಿಸಿದ್ದರು. ಹಾಳೆ ಎಲ್ಲಿ ಎಂದು ಕೇಳಿದೆ. “ಹಾಳೆ ಭಾರ, ಮೇಡಂ. ಹುಳ ಬೀಳುತ್ತದೆ. ರದ್ದಿಗೆ ಹಾಕಿ ಹತ್ತು ದಿನ ಆಯಿತು,” ಎಂದ. ಬೆಲೆ ಎರಡೂವರೆ ಸಾವಿರ ಅಂದ. ನಾನು ಕೊಟ್ಟೆ. ‘ನಿಮ್ಮ ಕಪಾಟಿನ ಬಣ್ಣ ಯಾವುದು, ಇನ್ನೆರಡು ಕೊಡಲೇ’ ಎಂದು ಕೇಳಿದ.

ಮನೆಗೆ ಬಂದ ಮೇಲೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುವುದು ನನಗೆ ಗೊತ್ತಿತ್ತು. ಮಾರನೆಯ ದಿನ ನಾನೇ ಹೋಗಿ ಅವರ ಮುಂದೆ ಕೂತೆ.

“ಆ ಗುರುವಾರದ ಸಭೇಲಿ ಏನಾಗಿರುತ್ತೆ ಅಂತ ನಾನು ಹೇಳ್ಲಾ? ಕಮಿಟಿಯವರು ಎದ್ದು ಹೊರಟಿರ್ತಾರೆ, ಗೋಮಾಳದವರು ಕರೀತಾರೆ ಅಂತ. ಗೋಮಾಳದವರು ಕರೆದಿರಲ್ಲ. ಮುಗಿಸಿಬಿಡಿ ರೀ, ನೀವು ಹೇಳಿ, ನಾನು ಬರೀತೀನಿ.”

“ಇರಬಹುದು. ಆದ್ರೆ ಅದು ಊಹೆ. ಅವನು ಒಂದು ಸಾಲೂ ಊಹೆ ಬರೆದವನಲ್ಲ. ನಾನು ಹೆಂಗೆ ಬರೀಲಿ?”

ಬರೆದ ಹಾಳೆಗಳನ್ನೆಲ್ಲ ಫೈಲಿನಲ್ಲಿಟ್ಟು ದಾರ ಕಟ್ಟಲು ಹೇಳಿದರು. ಕಟ್ಟಿದೆ. ಕಚೇರಿಯ ಪದ್ಧತಿಯಂತೆ ಮೇಲೆ ಏನಾದರೂ ಬರೆಯಬೇಕೇ ಎಂದು ಕೇಳಿದ್ದಕ್ಕೆ, “ಅಪೂರ್ಣ ಅಂತ ಬರಿ. ಅಕ್ಷರ ದೊಡ್ಡದಾಗಿರಲಿ,” ಅಂದರು. ದೊಡ್ಡದಾಗಿ ಬರೆದೆ. ಅವರಿಗೆ ಕಾಣಲಿಲ್ಲ. ಈಗ ಬಲಗಣ್ಣೂ ಇಲ್ಲ. ಬಾಲ್ಕನಿಯಲ್ಲಿ ಕೂರುತ್ತಾರೆ. ಭಾನುವಾರ ಬಂದರೆ ‘ಇವತ್ತು ಯಾವ ವಾರ’ ಎಂದು ಕೇಳುತ್ತಾರೆ, ಹೇಳಿದರೆ ‘ಅಚ್ಛಾ’ ಅನ್ನುತ್ತಾರೆ. ಮಗಳು ಆಡಿಯೋ ಪುಸ್ತಕಗಳನ್ನು ಹಾಕಿಕೊಟ್ಟಿದ್ದಾಳೆ. ಎರಡು ನಿಮಿಷ ಕೇಳಿ ನಿಲ್ಲಿಸುತ್ತಾರೆ. ಇದು ಸರಿಹೋಗುತ್ತದೆ ಎಂದು ನಾನು ನಿಮಗೆ ಹೇಳಲಾರೆ. ಹೋಗುವುದಿಲ್ಲ.

ಅಂಗಡಿಯಲ್ಲಿ ನಾನು ಈಗಲೂ ಚೌಕಾಸಿ ಮಾಡುತ್ತೇನೆ. ನೀವೂ ಮಾಡಿ, ಬಿಡಬೇಡಿ. ಆದರೆ ಇನ್ನೊಂದು ಅಂಗಡಿಯಲ್ಲಿ ಸಿಗುವ ವಸ್ತುವಿಗೆ ಮಾತ್ರ ಹತ್ತು ಹೆಜ್ಜೆ ನಡೆಯಿರಿ. ಸೀರೆ, ಪಾತ್ರೆ, ಫ್ಯಾನು, ಇವಕ್ಕೆಲ್ಲ ನಡೆಯಬಹುದು. ಜಗತ್ತಿನಲ್ಲಿ ಒಂದೇ ಇರುವುದಕ್ಕೆ ನಡೆಯಬೇಡಿ. ನಡೆಯಲೇಬೇಕು ಅನ್ನಿಸಿದರೆ ನೂರು ರೂಪಾಯಿ ಮುಂಗಡ ಕೊಟ್ಟು, ವಸ್ತುವನ್ನು ಪಕ್ಕಕ್ಕೆ ಇಡಿಸಿ, ಅದು ಕಣ್ಣಿಗೆ ಕಾಣುವ ದೂರದಲ್ಲಿ ನಿಲ್ಲಿ. ಜೊತೆಗಿರುವವರು ‘ಕೊಟ್ಟುಬಿಡು’ ಅಂದರೆ ಮಾರುವವನ ಮುಖ ನೋಡುವುದನ್ನು ಬಿಟ್ಟು ಅವರ ಮುಖ ನೋಡಿ. ನಲವತ್ತು ದಾಟಿದ್ದರೆ, ನೋವಿಲ್ಲದಿದ್ದರೂ, ಕಣ್ಣಿನ ಒತ್ತಡ ಒಮ್ಮೆ ಪರೀಕ್ಷೆ ಮಾಡಿಸಿ. ಡಾಕ್ಟರು ಹನಿ ಕೊಟ್ಟರೆ ಒಂದು ದಿನವೂ ತಪ್ಪಿಸಬೇಡಿ. ಸಂತೆಗೆ ಹೋದಾಗ ದುಡ್ಡು ಮೊದಲು ಕೊಡಿ, ಚಹಾ ಆಮೇಲೆ ಕುಡಿಯಿರಿ.